ಎಣ್ಣೆಗಿಳಿಸಿದ ಲ್ಯಾಕ್ಟೋಮೀಟರು

ನಾನು ನಮ್ಮೂರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಬೆಳಿಗ್ಗೆ ಆರಕ್ಕೊಂದು ಸಲ, ಸಂಜೆ ಐದಕ್ಕೊಂದು ಸಲ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಮುಖ ಮೊದಲು ನೋಡಿ ಆಮೇಲೆ ಹಾಲು ನೋಡುವುದು ನನಗೆ ಹದಿನಾಲ್ಕು ವರ್ಷದ ಅಭ್ಯಾಸ. ನೀರು ಬೆರೆಸಿದವರು ಬಂದ ತಕ್ಷಣ ಸೆಕೆ ಅಂತಲೋ, ಹಸುವಿಗೆ ಹುಷಾರಿಲ್ಲ ಅಂತಲೋ ಮಾತು ಶುರುಮಾಡುತ್ತಾರೆ. ಸುಮ್ಮನೆ ನಿಂತವರನ್ನೂ ನಾನು ಬಿಡುತ್ತಿರಲಿಲ್ಲ. ಇವಳೇಕೆ ಇವತ್ತು ಇಷ್ಟು ಸುಮ್ಮನಿದ್ದಾಳೆ ಅಂತ ಅದಕ್ಕೂ ಒಂದು ಅನುಮಾನ. ಈ ಗುಣವನ್ನು ಚಪ್ಪಲಿಯ ಹಾಗೆ ಡೈರಿ ಬಾಗಿಲಲ್ಲಿ ಬಿಟ್ಟುಬರುವುದಕ್ಕೆ ಆಗುವುದಿಲ್ಲ, ಮನೆಗೂ ಜೊತೆಗೇ ಬರುತ್ತಿತ್ತು. ತರಕಾರಿಯವನ ತಕ್ಕಡಿ, ಗ್ಯಾಸ್ ಸಿಲಿಂಡರಿನ ಸೀಲು, ಟೈಲರು ವಾಪಸು ಕೊಟ್ಟ ಬಟ್ಟೆಯ ಚೂರು, ಎಲ್ಲವನ್ನೂ ಎರಡೆರಡು ಸಲ ನೋಡುತ್ತಿದ್ದೆ. "ನಿನ್ನ ಕಣ್ಣು ತಪ್ಪಿಸಿ ಸೊಳ್ಳೆನೂ ಕಚ್ಚಲ್ಲ ಕಣೇ" ಎಂದು ನಮ್ಮ ಯಜಮಾನರು ಚುಡಾಯಿಸುತ್ತಿದ್ದರು. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ನಮ್ಮ ಊರು ತಾಯಲೂರಿನಿಂದ ನಡೆದುಹೋಗುವಷ್ಟು ದೂರ. ಮನೆ ಹಳೆಯದು, ಮಣ್ಣಿನ ಗೋಡೆ. ಅದರಲ್ಲಿ ರಸ್ತೆಯ ಕಡೆಯ ಗೋಡೆಗೆ ಮಾತ್ರ ಹೊರಗಿನಿಂದ ಪೂರ್ತಿ ಮರದ ಹಲಗೆ ಹೊಡೆದಿದೆ. ಈ ಕಡೆ ಇಂಥ ಮನೆ ಇನ್ನೊಂದಿಲ್ಲ. ನಮ್ಮ ಮಾವನವರು ವರ್ಷವರ್ಷವೂ ಸೀಸನ್ ಬಂತೆಂದರೆ ಶ್ರೀನಿವಾಸಪುರದ ಮಂಡಿಗೆ ಮಾವಿನಹಣ್ಣಿನ ಪೆಟ್ಟಿಗೆ ಹೊಡೆಯುವ ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಕ್ರೇಟು ಬಂತು, ಮರದ ಪೆಟ್ಟಿಗೆ ಕೇಳುವವರಿಲ್ಲದೆ ಹಲಗೆ ರಾಶಿರಾಶಿ ಬಿದ್ದುಕೊಂಡಿತು. ಮಾವನವರು ಒಂದು ಟ್ರ್ಯಾಕ್ಟರ್ ಹಲಗೆ ತುಂಬಿಸಿಕೊಂಡು ಬಂದು, ಮೂಡಗಾಳಿಯ ಮಳೆ ಬಡಿಯುವ ಆ ಗೋಡೆಗೆ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹೊಡೆದರು. ಕೆಳಗಿನ ಹಲಗೆಯ ಮೇಲೆ ಮೇಲಿನದು ಎರಡು ಬೆರಳು ಕೂತಿರುವ ಹಾಗೆ ಜೋಡಿಸಿದ್ದರಿಂದ ನೀರು ಜಾರಿ ಬೀಳುತ್ತಿತ್ತು, ಮಣ್ಣಿಗೆ ತಾಕುತ್ತಿರಲಿಲ್ಲ.

ಮಾವನವರು ಹೋದಮೇಲೆ ಆ ಗೋಡೆಯನ್ನು ಯಾರೂ ಕೇಳಲಿಲ್ಲ. ಹಲಗೆ ಬೂದಿ ಬಣ್ಣಕ್ಕೆ ತಿರುಗಿ, ಸೀಳಿ, ಅಂಚು ಸುರುಳಿ ಎದ್ದಿತು. ಯಜಮಾನರು ಕಿತ್ತುಹಾಕಿ ಸಿಮೆಂಟು ಮೆತ್ತಿಸೋಣ ಎಂದರು, ನಾನು ಒಪ್ಪಲಿಲ್ಲ. ಕೊನೆಗೆ ಪಕ್ಕದ ಊರಿನ ಪೇಂಟರನ್ನು ಕರೆಸಿದೆವು. ಮರದ ಕೆಲಸಕ್ಕೆ ಅವನ ಕೈ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ಅವನ ಹೆಂಡತಿ ನಮ್ಮ ಡೈರಿಗೇ ಹಾಲು ಹಾಕುತ್ತಿದ್ದಳು, ಹಾಗಾಗಿ ಗುರುತಿನವನೇ.

ಮೊದಲ ದಿನ ಉಜ್ಜುವುದರಲ್ಲಿ ಹೋಯಿತು. ಎರಡನೆಯ ದಿನವೂ ಉಜ್ಜುವುದರಲ್ಲೇ ಹೋಯಿತು. ಬಣ್ಣ ಬಳಿಯಲು ಬಂದವನು ಎರಡು ದಿನದಿಂದ ಬಣ್ಣದ ಡಬ್ಬದ ಮುಚ್ಚಳವನ್ನೇ ತೆಗೆದಿಲ್ಲವಲ್ಲ!

"ಏನಪ್ಪಾ, ಹಲಗೆ ಉಳಿಸ್ತೀಯೋ ಇಲ್ಲಾ ಸವೆಸಿ ಮುಗಿಸ್ತೀಯೋ?" ಎಂದೆ.

ಅವನು ನಕ್ಕ. "ಹಳೇ ಧೂಳಿನ ಮೇಲೆ ಬಳಿದ್ರೆ ಮಳೆಗಾಲಕ್ಕೆ ಎಲ್ಲಾ ಸಿಪ್ಪೆ ಏಳುತ್ತೆ ಅಕ್ಕಾ. ನಾಳೆ ಎಣ್ಣೆ ಕುಡಿಸ್ತೀನಿ. ಅದು ಒಣಗಕ್ಕೆ ಒಂದು ವಾರ. ಬಣ್ಣ ಆಮೇಲೆ."

ಒಂದು ವಾರವಂತೆ! ನಾನು ಒಳಗೆ ಹೋದೆ. ಅವನು ಹೇಳಿದ ಅಗಸೆ ಎಣ್ಣೆ, ಟರ್ಪೆಂಟೈನು ಎರಡನ್ನೂ ನಾನೇ ಮುಳಬಾಗಿಲಿಗೆ ಹೋಗಿ ತಂದಿದ್ದೆ, ಅಂಗಡಿಯವನು ಅಳೆಯುವಾಗ ಪಕ್ಕದಲ್ಲೇ ನಿಂತು ನೋಡಿದ್ದೆ. ಮೂರನೆಯ ದಿನ ಮಧ್ಯಾಹ್ನ ನೋಡುತ್ತೇನೆ, ಎಣ್ಣೆಯ ಕ್ಯಾನು ಅರ್ಧಕ್ಕೆ ಇಳಿದಿದೆ. ಗೋಡೆ ನೋಡಿದರೆ ಕಾಲುಭಾಗವೂ ಆಗಿಲ್ಲ.

"ಇಷ್ಟೊಂದು ಎಣ್ಣೆ ಎಲ್ಲಿಗೆ ಹೋಯ್ತು?"

"ಹಲಗೆ ಕುಡೀತಾ ಇದೆ ಅಕ್ಕಾ. ಎಷ್ಟು ವರ್ಷದ ಬಾಯಾರಿಕೆನೋ ಏನೋ."

"ಹಲಗೆ ಕುಡೀತೋ, ನಿನ್ನ ಚೀಲ ಕುಡೀತೋ?"

ಇದನ್ನು ನಗುತ್ತಲೇ ಕೇಳಿದೆ. ಅವನೂ ನಗುತ್ತಲೇ ಚೀಲ ತೆಗೆದು ತೋರಿಸಿದ. ಒಳಗೆ ಬ್ರಷ್ಷು, ಊಟದ ಡಬ್ಬಿ, ಹಳೇ ಬಟ್ಟೆ. ಅಷ್ಟು ಬೇಗ ಚೀಲ ತೋರಿಸಿದನೆಂದರೆ ಮಾಲು ಇನ್ನೆಲ್ಲೋ ಇದೆ ಎಂದು ನನ್ನ ಮನಸ್ಸು ಹೇಳಿತು. ಆಮೇಲೆ ನೋಡಿದರೆ ಅವನು ಪ್ರತಿ ಹಲಗೆಯ ಕೆಳಗಿನ ಅಂಚಿಗೆ, ಯಾರ ಕಣ್ಣಿಗೂ ಬೀಳದ ಸಂದಿಗೆ, ಸಣ್ಣ ಬ್ರಷ್ಷಿನಲ್ಲಿ ಎಣ್ಣೆ ಇಡುತ್ತಿದ್ದ. ಕಾಣದ ಜಾಗಕ್ಕೆ ಎಣ್ಣೆ ಯಾಕೆ ಎಂದರೆ, ಮಳೆ ಅಲ್ಲಿಂದಲೇ ಅಲ್ಲವಾ ಒಳಕ್ಕೆ ಹೋಗುವುದು ಎಂದ. ಎಲ್ಲದಕ್ಕೂ ಬಾಯಲ್ಲಿ ಉತ್ತರ ರೆಡಿ ಇರುವವರನ್ನು ನಾನು ಡೈರಿಯಲ್ಲಿ ಬೇಕಾದಷ್ಟು ನೋಡಿದ್ದೆ.

ಅವತ್ತು ಸಂಜೆ ಹೊರಡುವ ಮುಂಚೆ ಅವನು ಕೈ ಒರೆಸಿಕೊಳ್ಳುತ್ತಾ ಬಾಗಿಲ ಹತ್ತಿರ ಬಂದು ನಿಂತ.

"ಅಕ್ಕಾ, ಒಂದು ಉಪಕಾರ ಆಗಬೇಕಿತ್ತು. ಬೈರಕೂರಲ್ಲಿ ಒಂದು ಮನೆ ಕಟ್ತಾ ಇದಾರೆ. ಬಾಗಿಲು, ಕಿಟಕಿ, ಮುಂದಿನ ಜಗಲಿ ಎಲ್ಲಾ ಮರದ್ದು. ಆರು ತಿಂಗಳ ಕೆಲಸ. ಕೊಡೋ ಮುಂಚೆ ನಿಮ್ಮ ಗೋಡೆ ನೋಡಬೇಕು ಅಂದ್ರು. ನಾಳೆ ಬರ್ತಾರೆ. ನೀನು ಒಂದು ಒಳ್ಳೇ ಮಾತು ಹೇಳಿದ್ರೆ ಸಾಕು, ಆ ಕೆಲಸ ನಂದೇ. ನೀನು ಹಾಲು ನೋಡೋಳು, ನಿನ್ನ ಮಾತು ಅಂದ್ರೆ ಎಲ್ಲರೂ ನಂಬ್ತಾರೆ."

"ಆಯ್ತು, ನೋಡೋಣ" ಎಂದೆ. ಅವನು ಸೈಕಲ್ ಹತ್ತಿ ಹೋದ. ನನಗೆ ಅಲ್ಲಿಂದ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಕೆಲಸ ಚೆನ್ನಾಗಿದ್ದರೆ ಗೋಡೆಯೇ ಹೇಳಬೇಕಲ್ಲ, ನನ್ನ ಬಾಯಿ ಯಾಕೆ ಬೇಕು? ಯಜಮಾನರಿಗೆ ಹೇಳಿದೆ. ಅವರು ಮುದ್ದೆ ಮುರಿಯುತ್ತಾ, "ಲೇ, ಅವನ ಪಾಡಿಗೆ ಅವನ್ನ ಬಿಡೇ" ಎಂದರು. ಇವರಿಗೆ ಎಲ್ಲರೂ ಒಳ್ಳೆಯವರೇ, ಅದಕ್ಕೇ ನಾನು ಇಷ್ಟು ನೋಡಬೇಕಾಗಿದೆ ಎಂದುಕೊಂಡೆ.

ಆ ದಿನಗಳಲ್ಲಿ ನಮ್ಮ ಡೈರಿಯ ಹಾಲು ನೋಡುವ ಮಿಷನ್ ರಿಪೇರಿಗೆ ಹೋಗಿತ್ತು. ಬೀರುವಿನಲ್ಲಿದ್ದ ಹಳೆಯ ಲ್ಯಾಕ್ಟೋಮೀಟರೇ ಗತಿಯಾಗಿತ್ತು. ಬುಡದಲ್ಲಿ ಗುಂಡು, ಮೇಲೆ ಕಡ್ಡಿಯಂಥ ಗಾಜಿನ ಕೊಳವೆ, ಅದರ ಮೇಲೆ ಗೆರೆಗಳು. ಹಾಲಿನಲ್ಲಿ ಬಿಟ್ಟರೆ ತೇಲುತ್ತದೆ. ಗಟ್ಟಿ ಹಾಲಾದರೆ ಮೇಲೆ ನಿಲ್ಲುತ್ತದೆ, ನೀರು ಬೆರೆತಿದ್ದರೆ ಕೆಳಕ್ಕೆ ಇಳಿಯುತ್ತದೆ. ಅದನ್ನೇ ನಾವು ಡಿಗ್ರಿ ನೋಡುವುದು ಎನ್ನುತ್ತೇವೆ. ಎರಡಿದ್ದವು, ಒಂದು ಒಡೆದುಹೋಗಿತ್ತು. ಉಳಿದ ಒಂದನ್ನು ಯಾರನ್ನೂ ನಂಬದೆ ನಾನೇ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತರುತ್ತಿದ್ದೆ, ಮತ್ತೆ ತೆಗೆದುಕೊಂಡು ಹೋಗುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಡೈರಿ ಮುಗಿಸಿಕೊಂಡು ಬರುವ ಹೊತ್ತಿಗೆ ಬೈರಕೂರಿನ ಗಂಡ ಹೆಂಡತಿ ಬಂದು ಗೋಡೆಯ ಮುಂದೆ ನಿಂತಿದ್ದರು. ಎದುರುಮನೆಯವರು ಇಬ್ಬರು ಮೂವರು ಜಗಲಿಯಲ್ಲಿ ಕೂತಿದ್ದರು. ಪೇಂಟರು ಬಕೆಟ್ಟಿನಲ್ಲಿ ಎಣ್ಣೆ ಕಲಸುತ್ತಾ ಅವರಿಗೆ ಏನೋ ವಿವರಿಸುತ್ತಿದ್ದ. ನಾನು ಬಕೆಟ್ಟಿಗೆ ಬಗ್ಗಿ ನೋಡಿದೆ. ತೆಳ್ಳಗೆ, ನೀರಿನ ಹಾಗೆ ಆಡುತ್ತಿತ್ತು. ಅಂಗಡಿಯಲ್ಲಿ ನಾನು ನೋಡಿದ ಎಣ್ಣೆ ಹೀಗಿರಲಿಲ್ಲ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಒಳ್ಳೇ ಎಣ್ಣೆ ಮನೆಗೆ ಸಾಗಿಸಿದ್ದಾನೆ, ನಮ್ಮ ಗೋಡೆಗೆ ಬರೀ ಟರ್ಪೆಂಟೈನು ಬಳಿಯುತ್ತಿದ್ದಾನೆ.

ನನ್ನ ಕೈ ಸೆರಗಿಗೆ ಹೋಯಿತು. ಲ್ಯಾಕ್ಟೋಮೀಟರು ತೆಗೆದು ಎಲ್ಲರ ಎದುರಿಗೆ ಬಕೆಟ್ಟಿಗೆ ಬಿಟ್ಟೆ. ಅದು ಒಂದು ಕ್ಷಣವೂ ನಿಲ್ಲದೆ ಬುಡದ ತನಕ ಮುಳುಗಿ ಟಣ್ ಎಂದಿತು.

"ನೋಡಿ!" ಎಂದೆ. ನನ್ನ ಗಂಟಲು ಎಷ್ಟು ಎದ್ದಿತ್ತೆಂದರೆ ಆ ಕಡೆಯ ಬೀದಿಯವರೂ ಹೊರಗೆ ಬಂದರು. "ಹಾಲಿಗೆ ಅರ್ಧಕ್ಕರ್ಧ ನೀರು ಹುಯ್ದರೂ ಇದು ಹೀಗೆ ಮುಳುಗಲ್ಲ. ಇದರಲ್ಲಿ ಎಣ್ಣೆನೇ ಇಲ್ಲ. ನೀವು ಇವನಿಗೆ ಮನೆ ಕೆಲಸ ಕೊಡ್ತೀರಾ? ಕೊಡಿ, ಕೊಡಿ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಾ ಕೂತಿರಿ."

ಪೇಂಟರು ಎದ್ದು ನಿಂತ. ಮುಖ ಕಪ್ಪಿಟ್ಟಿತ್ತು. "ಅಕ್ಕಾ, ಅದು ಹಾಲು ನೋಡೋದು. ಎಣ್ಣೇಲಿ ಮುಳುಗೇ ಮುಳುಗುತ್ತೆ. ಮೊದಲನೇ ಕೈ ತೆಳ್ಳಗಿದ್ರೇನೇ ಮರದೊಳಕ್ಕೆ ಇಳಿಯೋದು, ಅದಕ್ಕೇ ಟರ್ಪೆಂಟೈನು ಕಲಸಿರೋದು."

"ಇದು ಹ್ಯಾಗೆ ಮುಳುಗುತ್ತೆ ಅಂತ ನನಗೆ ನೀನು ಹೇಳಿಕೊಡ್ತೀಯಾ?"

ಅವನು ಬೈರಕೂರಿನವರ ಕಡೆ ನೋಡಿದ. ಅವರು ಚಪ್ಪಲಿ ನೋಡುತ್ತಿದ್ದರು. ಬ್ರಷ್ಷುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು, ಅರ್ಧ ಎಣ್ಣೆ ಕುಡಿದ ಗೋಡೆಯನ್ನು ಹಾಗೇ ಬಿಟ್ಟು, ಸೈಕಲ್ ತಳ್ಳಿಕೊಂಡೇ ಹೋದ. ಅವತ್ತು ಸಂಜೆಯೊಳಗೆ ಆ ಕೆಲಸ ಕೋಲಾರದ ಬೇರೆ ಯಾರಿಗೋ ಹೋಯಿತೆಂದು ಎದುರುಮನೆಯವರು ಸುದ್ದಿ ತಂದರು. ನನಗೆ ಒಂದು ಚೂರೂ ಬೇಜಾರಾಗಲಿಲ್ಲ. ಬೈರಕೂರಿನವರನ್ನು ದೊಡ್ಡ ಮೋಸದಿಂದ ಉಳಿಸಿದೆ ಎಂದು ಖುಷಿಯಾಯಿತು.

ಲ್ಯಾಕ್ಟೋಮೀಟರನ್ನು ಬಟ್ಟೆಯಲ್ಲಿ ಒರೆಸಿ ಕಿಟಕಿಯ ಬಿಸಿಲಿಗಿಟ್ಟೆ. ಸಂಜೆ ತೆಗೆದುಕೊಂಡು ಹೋದೆ. ಸಂಜೆ ಮೂರು ಜನರ ಹಾಲು ಡಿಗ್ರಿ ಕಡಿಮೆ ಬಂತು. ಮಾರನೆಯ ದಿನ ಏಳು ಜನರದ್ದು. ಅದರ ಮಾರನೆಯ ದಿನ ಸಾಲಿನಲ್ಲಿ ನಿಂತ ಅರ್ಧಕ್ಕಿಂತ ಹೆಚ್ಚು ಜನರನ್ನು ವಾಪಸು ಕಳಿಸಿದೆ. ಬಿಸಿಲು ಅಂದರು, ಹಸಿಮೇವು ಅಂದರು. ನಾನು ಕೇಳಬೇಕಲ್ಲ! ಪೇಂಟರಿಗೆ ಮಾಡಿದ್ದಕ್ಕೆ ಎಲ್ಲರೂ ಸೇರಿ ನನ್ನ ಮೇಲೆ ಹಟಕ್ಕೆ ನಿಂತಿದ್ದಾರೆ, ಬೇಕೂಂತಲೇ ನೀರು ಹುಯ್ದು ತರುತ್ತಿದ್ದಾರೆ ಎಂದು ತೀರ್ಮಾನ ಮಾಡಿದೆ. ಯಾರು ಯಾರ ಜೊತೆ ಗುಸುಗುಸು ಮಾತಾಡುತ್ತಾರೆ ಎಂದು ಕಿಟಕಿಯಿಂದ ನೋಡಲು ಶುರುಮಾಡಿದೆ.

ಪೇಂಟರ ಹೆಂಡತಿಯ ಹಾಲೂ ಕಡಿಮೆ ಬಂತು. ಮೂರು ದಿನದಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಅವತ್ತು ಕ್ಯಾನು ಎತ್ತಿಕೊಳ್ಳುತ್ತಾ, "ಬರ್ಕೋ ಅಕ್ಕಾ. ನಮ್ಮ ಮನೇಲಿ ಎಲ್ಲರೂ ಕಳ್ಳರೇ" ಎಂದಳು. ನಾನು ಬರೆದುಕೊಂಡೆ.

ಪೇಂಟರು ಹೋದ ಐದನೆಯ ದಿನ ಬೆಳಿಗ್ಗೆ ಊರ ಕೊನೆಯ ಮನೆಯ ಅಜ್ಜಿ ಬಂದಳು. ಅಜ್ಜಿಗೆ ಇರುವುದು ಒಂದೇ ಹಸು. ಹಿಂದಿನ ದಿನ ಅವಳ ಹಾಲನ್ನೂ ವಾಪಸು ಕಳಿಸಿದ್ದೆ. ಈ ಸಲ ಕ್ಯಾನು ತಂದಿರಲಿಲ್ಲ, ಹಸುವನ್ನೇ ಹಗ್ಗ ಹಿಡಿದು ಎಳೆದುಕೊಂಡು ಬಂದಿದ್ದಳು. ನಮ್ಮ ಕಡೆ ಹಾಲಿನ ವಿಷಯಕ್ಕೆ ತೀರಾ ಜಗಳ ಬಂದರೆ ಹೀಗೆ ಮಾಡುವುದುಂಟು. ಹಸುವನ್ನು ಡೈರಿಯ ಮುಂದೆಯೇ ಕಟ್ಟಿ, ಎಲ್ಲರ ಕಣ್ಣೆದುರಿಗೆ ಕರೆದು ಕೊಡುವುದು. ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಅಜ್ಜಿ ಖಾಲಿ ಪಾತ್ರೆಯನ್ನು ಬೋರಲು ಹಾಕಿ ಎಲ್ಲರಿಗೂ ತೋರಿಸಿ, ಕುಕ್ಕರಗಾಲಲ್ಲಿ ಕೂತು ಕರೆದಳು. ನೊರೆ ಇಳಿಯುವ ತನಕ ಕಾದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಇಪ್ಪುಡು ಚೂಡಮ್ಮಾ" ಎಂದಳು, ಈಗ ನೋಡಮ್ಮಾ ಎಂದು.

ಬಿಟ್ಟೆ. ಇಳಿಯಿತು. ನಿನ್ನೆಗಿಂತ ಒಂದು ಗೆರೆ ಕೆಳಕ್ಕೇ ಇಳಿಯಿತು.

"ಏಮ್ಮಾ, ನಾ ಆವು ನೀಳ್ಳು ಕಲಿಪಿಂದಾ?" ಎಂದಳು ಅಜ್ಜಿ. ನನ್ನ ಹಸು ನೀರು ಬೆರೆಸಿತಾ ಎಂದು ಅವಳು ಕೇಳಿದ್ದು. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಲ್ಯಾಕ್ಟೋಮೀಟರನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದು ಉಗುರಿನಲ್ಲಿ ಕೆರೆದೆ. ಗಾಜಿನ ಮೇಲಿಂದ ಹಳದಿಗೆ, ಅಂಟಂಟಾಗಿ, ಸಿಪ್ಪೆಯ ಹಾಗೆ ಎದ್ದುಬಂತು. ಅಗಸೆ ಎಣ್ಣೆ ಬಿಸಿಲಿಗೆ ಒಣಗಿ ಗಾಜಿಗೆ ಹಿಡಿದುಕೊಂಡಿತ್ತು. ಅದರ ಮೇಲೆ ದಿನಾ ಹಾಲಿನ ಕೆನೆ ಹತ್ತಿ ಹತ್ತಿ ದಪ್ಪವಾಗಿತ್ತು. ಆ ಭಾರಕ್ಕೇ ಅದು ಇಳಿಯುತ್ತಿದ್ದದ್ದು. ಊರಿನಲ್ಲಿ ಯಾರೂ ನೀರು ಬೆರೆಸಿರಲಿಲ್ಲ.

ಅದೇ ಗಳಿಗೆಯಲ್ಲಿ ಇನ್ನೊಂದೂ ಹೊಳೆಯಿತು. ಕೆಲಸಕ್ಕೆ ಸೇರಿದಾಗ ಟ್ರೈನಿಂಗಿನಲ್ಲಿ ನಮಗೆ ಮೊದಲು ಹೇಳಿಕೊಟ್ಟ ಪಾಠ: ಕೊಬ್ಬು ನೀರಿಗಿಂತ ಹಗುರ, ಹಾಲಿನಲ್ಲಿ ಕೆನೆ ಹೆಚ್ಚಿದ್ದರೂ ಡಿಗ್ರಿ ಇಳಿಯುತ್ತದೆ, ಅದನ್ನು ನೋಡಿ ನೀರು ಎಂದುಕೊಳ್ಳಬೇಡಿ. ಬರೀ ಎಣ್ಣೆಯಲ್ಲಿ ಬಿಟ್ಟರೆ ಮುಳುಗದೆ ಇನ್ನೇನು? ಒಳ್ಳೆಯ ಎಣ್ಣೆಯಾದರೂ ಮುಳುಗುತ್ತದೆ, ಕೆಟ್ಟದ್ದಾದರೂ ಮುಳುಗುತ್ತದೆ. ಪೇಂಟರು ಅವತ್ತು ಅದನ್ನೇ ಹೇಳಿದ್ದ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವಳಿಗೆ ಅದು ತಲೆಗೆ ಬರಲಿಲ್ಲ, ಏಕೆಂದರೆ ಅವನು ಕಳ್ಳನಾಗಿರಬೇಕು ಎಂದು ನಾನು ಮೊದಲೇ ನಿರ್ಧಾರ ಮಾಡಿಕೊಂಡಿದ್ದೆ.

ಸಾಲಿನ ಕೊನೆಯಲ್ಲಿ ಅವನ ಹೆಂಡತಿ ನಿಂತಿದ್ದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ತಪ್ಪು ನಂದು. ಇದನ್ನ ಎಣ್ಣೆಗೆ ಹಾಕಿ ಹಾಳು ಮಾಡಿದೀನಿ. ನಿಮ್ಮ ಹಾಲು ಚೆನ್ನಾಗಿತ್ತು. ಅವನ ಎಣ್ಣೆನೂ ಚೆನ್ನಾಗಿತ್ತು." ಅಜ್ಜಿ ಹಸುವಿನ ಹಗ್ಗ ಬಿಚ್ಚಿಕೊಂಡು ಹೊರಟಳು. ಪೇಂಟರ ಹೆಂಡತಿ ಕ್ಯಾನು ಎತ್ತಿಕೊಂಡು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಬಂದಳು, ಅಷ್ಟೆ. ಅವಳು ಏನಾದರೂ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವತ್ತೇ ತಾಯಲೂರಿಗೆ ನಡೆದು ಬಸ್ಸು ಹತ್ತಿ ಮುಳಬಾಗಿಲಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬೈರಕೂರಿಗೆ ಹೋದೆ. ಹೊಸ ಮನೆಯ ಮುಂದೆ ಇಬ್ಬರು ಬೇರೆ ಪೇಂಟರುಗಳು ಬಾಗಿಲು ಉಜ್ಜುತ್ತಿದ್ದರು. ಮನೆಯ ಯಜಮಾನಿ ಹೊರಗೆ ಬಂದರು. ಲ್ಯಾಕ್ಟೋಮೀಟರು, ಎಣ್ಣೆ, ಅಜ್ಜಿಯ ಹಸು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ಕಳ್ಳನಲ್ಲ, ಕೆಲಸಗಾರ, ಇನ್ನೂ ಕಿಟಕಿಯೋ ಜಗಲಿಯೋ ಉಳಿದಿದ್ದರೆ ಅವನಿಗೆ ಕೊಡಿ ಎಂದು ಕೈಮುಗಿದೆ.

ಆಯಮ್ಮ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಹದಿನಾಲ್ಕು ವರ್ಷ ನಾನೇ ಜನರನ್ನು ನೋಡಿದ ನೋಟ.

"ಅವತ್ತು ಅಷ್ಟು ಜನರ ಮುಂದೆ ಕಳ್ಳ ಅಂದ್ರಿ. ಇವತ್ತು ಎರಡು ಬಸ್ಸು ಬದಲಾಯಿಸಿಕೊಂಡು ಬಂದು ಒಳ್ಳೆಯವನು ಅಂತೀರಿ" ಎಂದರು. "ನಿಜ ಹೇಳಿ, ಅವನೇ ತಾನೇ ನಿಮ್ಮನ್ನ ಕಳಿಸಿದ್ದು?"

ಇಲ್ಲ ಎಂದೆ. ದೇವರಾಣೆ ಎಂದೆ. ನಾನು ಹೇಳಿದಷ್ಟೂ ಅವರ ಮುಖ ಬಿಗಿಯುತ್ತಾ ಹೋಯಿತು. ಕೊನೆಗೆ ಒಂದು ಲೋಟ ನೀರು ಕೊಟ್ಟು, "ಹೋಗಿ ಬನ್ನಿ" ಎಂದರು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ. ನಾನು ಹೋಗದೇ ಇದ್ದಿದ್ದರೆ ಅವನು ಬರೀ ಕಳ್ಳನಾಗಿರುತ್ತಿದ್ದ. ಹೋಗಿದ್ದರಿಂದ, ಹೆಂಗಸೊಬ್ಬಳನ್ನು ಮುಂದೆ ಬಿಟ್ಟು ಶಿಫಾರಸು ಮಾಡಿಸುವವನೂ ಆದ.

ಎರಡು ದಿನ ಬಿಟ್ಟು ಅವನು ತಾನಾಗಿಯೇ ಬಂದ. ಸೈಕಲ್ ನಿಲ್ಲಿಸಿ ಚೀಲ ಇಳಿಸಿದ. ನಾನು ಬಾಗಿಲಲ್ಲಿ ನಿಂತು, "ತಪ್ಪಾಯ್ತು ಕಣಪ್ಪಾ. ನನ್ನ ಬಾಯಿಗಿಷ್ಟು ಬೆಂಕಿ ಹಾಕ" ಎಂದೆ.

"ಅರ್ಧ ಗೋಡೆ ರಸ್ತೆಗೆ ಕಾಣ್ತಾ ಇದೆ ಅಕ್ಕಾ. ಹೋಗೋ ಬರೋರೆಲ್ಲ ಇದು ಯಾರ ಕೆಲಸ ಅಂತ ಕೇಳ್ತಾರೆ" ಎಂದನೇ ಹೊರತು, ಬಿಡು ಎನ್ನಲಿಲ್ಲ.

ಬಕೆಟ್ಟು ಹೊರಗಿಟ್ಟುಕೊಂಡ. ಎಣ್ಣೆಯ ಕ್ಯಾನಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಲಿಲ್ಲ. "ಬಾ ಅಕ್ಕಾ. ನೀನೇ ಹುಯ್ಯಿ. ಎರಡು ಪಾಲು ಎಣ್ಣೆ, ಒಂದು ಪಾಲು ಟರ್ಪೆಂಟೈನು."

"ನೀನೇ ಹಾಕ್ಕೋ ಕಣೋ. ನನಗೆ ನಿನ್ನ ಮೇಲೆ ನಂಬಿಕೆ ಇದೆ."

"ನಿನಗೆ ಇದೆ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ನನಗೆ ನಿನ್ನ ಮೇಲೆ ಇಲ್ಲ ಅಕ್ಕಾ."

ನಾನೇ ಹುಯ್ದೆ. ಕ್ಯಾನು ವಾಲಿ ಒಂದಿಷ್ಟು ನೆಲಕ್ಕೆ ಚೆಲ್ಲಿತು. ಚೆಲ್ಲಿದ್ದು ಎಷ್ಟು ಎಂದು ಅವನು ಎದುರುಮನೆಯವರನ್ನು ಕರೆದು ತೋರಿಸಿದ. ಆಮೇಲೆ ಕೆಲಸ ಮುಗಿಯುವ ತನಕ, ಎಣ್ಣೆಗೂ ಸರಿ, ವಾರ ಬಿಟ್ಟು ಬಳಿದ ಬಣ್ಣಕ್ಕೂ ಸರಿ, ನಾನು ಬಂದು ನಿಲ್ಲದೆ ಅವನು ಒಂದು ಮುಚ್ಚಳವನ್ನೂ ತೆಗೆಯಲಿಲ್ಲ. ಒಲೆಯ ಮೇಲೆ ಸಾರಿಟ್ಟಿದ್ದರೂ ಬಿಡಲಿಲ್ಲ. "ಅಕ್ಕಾ, ಬಂದು ನೋಡ್ಕೋ" ಎಂದು ಕೂಗುತ್ತಿದ್ದ. ನಾನು ಸೌಟು ಇಟ್ಟು ಓಡಿ ಹೋಗಿ, ಡಬ್ಬದ ಪಕ್ಕ ನಿಂತು ನೋಡುತ್ತಿದ್ದೆ.